ನಾಲ್ಕು ಜನರ ನಡುವೆ ಬೆಳೆಯುವ ‘ನಾನು’: ಮಕ್ಕಳ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಚಿಂತೆಯವು. ಮಗು ಯಾರ ಜೊತೆಗೂ ಬೆರೆಯುವುದಿಲ್ಲ, ಏನನ್ನೂ ಹಂಚಿಕೊಳ್ಳುವುದಿಲ್ಲ, ಸುಮ್ಸುಮ್ನೆ ಜಗಳ ಆಡುತ್ತದೆ, ನಾಳೆ ದೊಡ್ಡದಾದ ಮೇಲೆ ನಾಲ್ಕು ಜನರ ನಡುವೆ ಹೇಗೆ ಬದುಕುತ್ತದೋ ಅಂತ. ಹಾಗಾಗಿ ಬೇರೆ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಇದಕ್ಕೇ ಪುಟ ಕೊಡುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಜನರ ನಡುವೆ ಹೇಗಿರಬೇಕು ಅಂತ ಮಗುವಿಗೆ ಬುದ್ಧಿಮಾತು ಹೇಳಿ ಕಲಿಸಲು ಆಗುವುದಿಲ್ಲ. ಒಂದು ಕೆಲಸ, ಒಂದು ಸರದಿ, ಒಂದು ಪಾಲು ಕೊಟ್ಟು ಒಳಗೆ ಸೇರಿಸಿಕೊಂಡರೆ ಅದು ತಾನೇ ಕಲಿಯುತ್ತದೆ.

ಪ್ರಶ್ನೆ: ನನ್ನ ಮಗಳಿಗೆ ಎರಡು ವರ್ಷ ಎಂಟು ತಿಂಗಳು. ನಾದಿನಿಯ ಮಗ ಮನೆಗೆ ಬಂದರೆ ಸಾಕು, ಅದುವರೆಗೆ ಮೂಲೆಯಲ್ಲಿ ಬಿದ್ದಿದ್ದ ಆಟಿಕೆಯನ್ನೂ ಎದೆಗೆ ಅವುಚಿಕೊಂಡು ‘ನಂದು’ ಅಂತ ಕಿರುಚುತ್ತಾಳೆ. ‘ಒಂದೇ ಮಗು ನೋಡು, ಸ್ವಾರ್ಥಿ ಆಗಿಬಿಟ್ಟಿದೆ’ ಅಂತಾರೆ ನಮ್ಮತ್ತೆ. ಈಗಲೇ ತಿದ್ದದಿದ್ದರೆ ಹಾಗೇ ಬೆಳೆಯುತ್ತಾಳಾ?
(ಒಬ್ಬ ತಾಯಿ, ದಾವಣಗೆರೆ)

ಉತ್ತರ: ಇಲ್ಲ ತಂಗಿ, ಧೈರ್ಯವಾಗಿರಿ. ಈ ವಯಸ್ಸಿನ ಮಗು ‘ನಂದು’ ಅನ್ನುವುದು ಸ್ವಾರ್ಥವಲ್ಲ. ‘ನಾನು’ ಅಂತ ಒಬ್ಬಳಿದ್ದಾಳೆ ಅನ್ನುವುದು ಅವಳಿಗೆ ಈಗಷ್ಟೇ ಗೊತ್ತಾಗಿದೆ. ಹುಟ್ಟುವಾಗ ಆ ತಿಳಿವಳಿಕೆ ಇರುವುದಿಲ್ಲ. 1972ರಲ್ಲಿ ಬ್ಯೂಲಾ ಆಮ್‌ಸ್ಟರ್‌ಡಾಮ್ ಎಂಬ ಅಮೆರಿಕದ ಸಂಶೋಧಕಿ ಒಂದು ಸರಳ ಪರೀಕ್ಷೆಯ ಬಗ್ಗೆ ಬರೆದರು. ಮಗುವಿಗೆ ಗೊತ್ತಾಗದ ಹಾಗೆ ಮೂಗಿನ ಮೇಲೆ ಸ್ವಲ್ಪ ಕೆಂಪು ಬಣ್ಣ ಹಚ್ಚಿ ಕನ್ನಡಿ ಮುಂದೆ ಬಿಡುವುದು, ಅಷ್ಟೇ. ಒಂದು ವರ್ಷದ ಮಗು ಕನ್ನಡಿಯಲ್ಲಿ ಇನ್ಯಾವುದೋ ಪಾಪು ಇದೆ ಅಂದುಕೊಂಡು ನಗುತ್ತದೆ, ಮುತ್ತು ಕೊಡುತ್ತದೆ, ಕನ್ನಡಿಯ ಹಿಂದೆ ಹೋಗಿ ಹುಡುಕುತ್ತದೆ. ಒಂದೂವರೆ ವರ್ಷದಿಂದ ಎರಡು ವರ್ಷದೊಳಗೆ ಹೆಚ್ಚಿನ ಮಕ್ಕಳ ಕೈ ನೇರವಾಗಿ ತಮ್ಮ ಮೂಗಿಗೇ ಹೋಗುತ್ತದೆ. ಚಿಕ್ಕ ಮಗು ಇರುವ ಮನೆಯವರು ಒಂದು ಚೂರು ಕುಂಕುಮ ಹಚ್ಚಿ ನೋಡಬಹುದು.

ಮೂಗಿಗೆ ಕೈ ಹೋಗದಿದ್ದರೆ ಗಾಬರಿ ಬೇಡ. ಎಲ್ಲ ಕಡೆ ಮಕ್ಕಳು ಒಂದೇ ದಾರಿಯಲ್ಲಿ ಬೆಳೆಯುವುದಿಲ್ಲ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗ್ರೀಸ್ ದೇಶದ ಪಟ್ಟಣದ ಮಕ್ಕಳನ್ನೂ ಆಫ್ರಿಕಾದ ಕ್ಯಾಮರೂನ್ ದೇಶದ ನ್ಸೊ ಸಮುದಾಯದ ಹಳ್ಳಿ ಮಕ್ಕಳನ್ನೂ ಹೋಲಿಸಿ ನೋಡಿದರು. ಕನ್ನಡಿ ಪರೀಕ್ಷೆಯಲ್ಲಿ ಗ್ರೀಸಿನ ಮಕ್ಕಳು ಮುಂದೆ. ಆದರೆ ದೊಡ್ಡವರು ಹೇಳಿದ ಸಣ್ಣಪುಟ್ಟ ಕೆಲಸ ಮಾಡುವುದರಲ್ಲಿ, ಬೇಡ ಅಂದಿದ್ದನ್ನು ಮುಟ್ಟದೆ ಇರುವುದರಲ್ಲಿ ನ್ಸೊ ಮಕ್ಕಳು ಮುಂದೆ. ಸುತ್ತಲಿನ ಜನ ಯಾವುದನ್ನು ಕೇಳುತ್ತಾರೋ ಅದು ಮಗುವಿಗೆ ಮೊದಲು ಬರುತ್ತದೆ.

ಈಗ ನಿಮ್ಮ ಮಗಳ ವಿಷಯ. ತಾನು ಅನ್ನುವುದು ಗೊತ್ತಾದ ಮೇಲೆ ತನ್ನದು ಯಾವುದು, ಅವನದು ಯಾವುದು ಅನ್ನುವ ಪ್ರಶ್ನೆ ಬಂದೇ ಬರುತ್ತದೆ ಅಲ್ವಾ? 1983ರಲ್ಲಿ ಎರಡು ವರ್ಷದ ಗಂಡುಮಕ್ಕಳನ್ನು ಜೋಡಿ ಜೋಡಿಯಾಗಿ ಆಡಲು ಬಿಟ್ಟು ನೋಡಿದ ಒಂದು ಅಧ್ಯಯನದಲ್ಲಿ, ತಮ್ಮ ಬಗ್ಗೆ ಜಾಸ್ತಿ ಸ್ಪಷ್ಟತೆ ಇದ್ದ ಮಕ್ಕಳೇ ಜಾಸ್ತಿ ಸಲ ‘ನಂದು’ ಅಂದವು. ‘ನಂದು’ ಗೊತ್ತಾಗದೆ ‘ನಮ್ಮದು’ ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ ನಿಮ್ಮ ಅತ್ತೆಯವರಿಗೂ ಹೇಳಿ. 2006ರಲ್ಲಿ ವಾರ್ನೆಕೆನ್ ಮತ್ತು ಟೊಮಸೆಲ್ಲೊ ಎಂಬ ವಿಜ್ಞಾನಿಗಳು ಹದಿನೆಂಟು ತಿಂಗಳ ಮಕ್ಕಳನ್ನು ಪರೀಕ್ಷಿಸಿದರು. ದೊಡ್ಡವರೊಬ್ಬರು ಬಟ್ಟೆ ಒಣಗಿಸುವಾಗ ಕ್ಲಿಪ್ ಕೆಳಗೆ ಬಿದ್ದು ಕೈಗೆ ಎಟುಕದೆ ಒದ್ದಾಡುತ್ತಿದ್ದರೆ, ಯಾರೂ ಕೇಳದಿದ್ದರೂ ಮಕ್ಕಳು ಎದ್ದು ಹೋಗಿ ಎತ್ತಿಕೊಟ್ಟವು. ಆಟಿಕೆ ಬಿಡದ ವಯಸ್ಸೂ ಅದೇ, ಸಹಾಯಕ್ಕೆ ಓಡಿಬರುವ ವಯಸ್ಸೂ ಅದೇ.

ಹಾಗಾಗಿ ಕೈಯಿಂದ ಕಿತ್ತುಕೊಂಡು ಕೊಡಿಸಬೇಡಿ. ಕಿತ್ತುಕೊಳ್ಳುವುದನ್ನೇ ಅವಳು ಕಲಿಯುತ್ತಾಳೆ. ಹುಡುಗ ಬರುವ ಮೊದಲು ಅವಳನ್ನೇ ಕೇಳಿ ತೀರಾ ಇಷ್ಟದ ಎರಡು ಆಟಿಕೆ ಬೀರುವಿನಲ್ಲಿ ಇಡಿ, ಉಳಿದವು ಇಬ್ಬರಿಗೂ ಅಂತ ಹೇಳಿ. ಕೊಡುವುದೇ ಖುಷಿಯಾಗಿರುವ ಕೆಲಸಗಳಲ್ಲಿ ಅವಳನ್ನು ಸೇರಿಸಿಕೊಳ್ಳಿ. ಸಂಕ್ರಾಂತಿಗೆ ಎಳ್ಳು ಬೀರಲು ಹೋಗುವಾಗ ಪೊಟ್ಟಣ ನೀವು ಕೊಡಬೇಡಿ, ಅವಳ ಕೈಯಲ್ಲಿ ಕೊಡಿಸಿ. ಬಾಗಿಲು ತೆರೆದವರು ಬಗ್ಗಿ, ಅವಳ ಮುಖ ನೋಡಿ, ಅದನ್ನು ತಗೊಂಡು, ತಮ್ಮನೆಯದನ್ನು ಅವಳ ಕೈಗೇ ಇಟ್ಟಾಗ ಏನಾಗುತ್ತದೆ ಅಂತ ಗಮನಿಸಿ. ಮೂರನೇ ಮನೆ ಹೊತ್ತಿಗೆ ನಿಮಗಿಂತ ಮುಂದೆ ಓಡುತ್ತಾಳೆ.

ಪ್ರಶ್ನೆ: ನಮ್ಮದು ಶಿರಸಿ ಕಡೆ, ಈಗ ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಮಗನಿಗೆ ನಾಲ್ಕೂವರೆ ವರ್ಷ. ಮನೆಯಲ್ಲಿ ಪಟಪಟ ಮಾತಾಡುತ್ತಾನೆ. ನೆಂಟರು ಬಂದರೆ ನನ್ನ ಕಾಲು ಹಿಡಿದು ಹಿಂದೆ ಅಡಗುತ್ತಾನೆ. ‘ಒಂದು ಹಾಡು ಹೇಳೋ ಪುಟ್ಟ’ ಅಂದರೆ ಅಳು. ಪಾರ್ಕಿನಲ್ಲೂ ಬೇರೆ ಮಕ್ಕಳು ಆಡುವುದನ್ನು ನೋಡುತ್ತಾ ನಿಲ್ಲುತ್ತಾನೆ. ಸ್ಟೇಜ್ ಭಯ ಹೋಗಲಿ ಅಂತ ಯಾವುದಾದರೂ ಕ್ಲಾಸಿಗೆ ಸೇರಿಸಬೇಕಾ?
(ಒಬ್ಬ ತಂದೆ, ಬೆಂಗಳೂರು)

ಉತ್ತರ: ಕ್ಲಾಸ್ ಆಮೇಲೆ ನೋಡೋಣ. ಮೊದಲು ಆ ‘ಹಾಡು ಹೇಳು’ ಅನ್ನುವುದನ್ನು ನಿಲ್ಲಿಸಿ. ನೆಂಟರು ಕೇಳಿದರೂ ನೀವೇ ಮಾತು ಬದಲಿಸಿ. ಇದನ್ನು ನಾನು ಬಹಳ ಗಟ್ಟಿಯಾಗಿ ಹೇಳುತ್ತೇನೆ. ನಮ್ಮಲ್ಲಿ ಪ್ರೀತಿಯಿಂದಲೇ ಮಾಡುವ ಈ ಒಂದು ಅಭ್ಯಾಸದಿಂದ ಎಷ್ಟು ಮಕ್ಕಳು ಜನರನ್ನು ಕಂಡರೆ ಹೆದರುವಂತಾಗಿದ್ದಾರೆ ಅಂತ ನೋಡಿದ್ದೇನೆ.

ಚಾರ್ಲ್ಸ್ ಹಾರ್ಟನ್ ಕೂಲಿ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ತನ್ನ ಸ್ವಂತ ಮಕ್ಕಳನ್ನು ಕೂತು ಗಮನಿಸಿ, 1902ರಲ್ಲಿ ಒಂದು ವಿಚಾರ ಮುಂದಿಟ್ಟರು. ನಮಗೆ ನಾವು ಯಾರು ಅಂತ ಗೊತ್ತಾಗುವುದು ಬೇರೆಯವರೆಂಬ ಕನ್ನಡಿಯಲ್ಲಿ. ಇವರ ಕಣ್ಣಿಗೆ ನಾನು ಹೇಗೆ ಕಾಣುತ್ತಿದ್ದೇನೆ, ಕಂಡಿದ್ದಕ್ಕೆ ಇವರು ಏನಂದುಕೊಂಡರು ಅಂತ ಊಹಿಸಿಕೊಳ್ಳುತ್ತೇವೆ. ಆ ಊಹೆಯಿಂದ ಹೆಮ್ಮೆಯೋ ನಾಚಿಕೆಯೋ ಹುಟ್ಟುತ್ತದೆ. ಈಗ ನಿಮ್ಮ ಮನೆಯ ಹಾಲ್ ನೋಡಿ. ಏಳೆಂಟು ದೊಡ್ಡವರು ಸೋಫಾದಲ್ಲಿ ಕೂತು ಎಲ್ಲರೂ ಅವನನ್ನೇ ನೋಡುತ್ತಿದ್ದಾರೆ. ಅವನು ಬಾಯಿ ಬಿಡಲಿಲ್ಲ. ಆಗ ನೀವೋ ನಿಮ್ಮ ಮನೆಯವರೋ ನಗುತ್ತಾ ‘ಇವನಿಗೆ ಸ್ವಲ್ಪ ನಾಚಿಕೆ ಜಾಸ್ತಿ’ ಅಂತೀರಿ. ನೆಂಟರಿಗೆ ಹೇಳಿದ್ದು ನಿಜ, ಆದರೆ ಗಮನವಿಟ್ಟು ಕೇಳಿಸಿಕೊಂಡವನು ಅವನು. ತಾನು ಯಾರು ಅಂತ ಅವನಿಗೆ ನೀವೇ ಹೇಳಿಕೊಟ್ಟ ಹಾಗಾಯಿತು. ಮುಂದಿನ ಸಲ ನೆಂಟರು ಬಂದಾಗ ಆ ನಾಚಿಕೆ ಹುಡುಗ ಆಗುವುದು ಅವನಿಗೆ ಸುಲಭ. ಹಠಮಾರಿ, ಪೆದ್ದ, ಅಳುಮುಂಜಿ, ಎಲ್ಲದರ ಕಥೆಯೂ ಇದೇ. ‘ಜಾಣ’ ಅನ್ನುವುದನ್ನೂ ಸೇರಿಸಿ ಹೇಳುತ್ತಿದ್ದೇನೆ. ದಿನಾ ಜಾಣ ಅನ್ನಿಸಿಕೊಂಡ ಮಗು ಒಂದು ಲೆಕ್ಕ ತಪ್ಪಾದರೆ ಪುಸ್ತಕ ಬಚ್ಚಿಡುತ್ತದೆ.

ಪಾರ್ಕಿನಲ್ಲಿ ನೋಡುತ್ತಾ ನಿಲ್ಲುತ್ತಾನೆ ಅಂದಿರಿ. ನಿಲ್ಲಲಿ ಬಿಡಿ. 1932ರಲ್ಲಿ ಮಿಲ್ಡ್ರೆಡ್ ಪಾರ್ಟೆನ್ ಎಂಬುವರು ನರ್ಸರಿ ಮಕ್ಕಳ ಆಟವನ್ನು ದಾಖಲಿಸುತ್ತಾ, ಒಬ್ಬರೇ ಆಡುವುದು, ನಿಂತು ನೋಡುವುದು, ಪಕ್ಕ ಪಕ್ಕ ಕೂತು ಅವರವರ ಆಟ ಆಡುವುದು, ಕೊನೆಗೆ ಸೇರಿ ಆಡುವುದು ಅಂತ ಬೇರೆ ಬೇರೆ ಬಗೆ ಗುರುತಿಸಿದರು. ನಿಂತು ನೋಡುವುದೂ ಅದರಲ್ಲಿ ಒಂದು. ಅವನು ಆಗ ಸುಮ್ನೆ ನಿಂತಿಲ್ಲ. ಯಾರು ಯಾರಿಗೆ ಹೆದರುತ್ತಾರೆ, ಜಾರುಬಂಡಿಯಲ್ಲಿ ಸಾಲು ಹೇಗೆ, ಯಾರು ತಳ್ಳುತ್ತಾರೆ ಅಂತ ಎಲ್ಲ ಓದಿಕೊಳ್ಳುತ್ತಿದ್ದಾನೆ. ಬೆನ್ನಿಗೆ ಕೈ ಇಟ್ಟು ‘ಹೋಗು ಹೋಗು’ ಅಂತ ದೂಡಬೇಡಿ. ಇದ್ದಿದ್ದರಲ್ಲಿ ಅವನಿಗಿಂತ ಒಂದು ವರ್ಷ ಚಿಕ್ಕ ಮಗುವಿನ ಜೊತೆ ಬಿಟ್ಟು ನೋಡಿ, ಅಲ್ಲಿ ಅವನೇ ದೊಡ್ಡಣ್ಣ.

ಮನೆಗೆ ಬಂದವರ ಜೊತೆ ಅವನಿಗೆ ಏನಾದರೂ ಕೆಲಸ ಕೊಡಿ. ಅವರೆಕಾಯಿ ಕಾಲದಲ್ಲಿ ಒಂದು ಪಾತ್ರೆ ನೆನೆಸಿದ ಕಾಳನ್ನು ದೊಡ್ಡಪ್ಪನ ಮುಂದೆ ಇಟ್ಟು ಇಬ್ಬರೂ ಹಿತುಕಲಿ. ಕಣ್ಣು ಕಾಳಿನ ಮೇಲೆ ಇರುತ್ತದೆ, ಯಾರೂ ಯಾರನ್ನೂ ದಿಟ್ಟಿಸಿ ನೋಡುತ್ತಿರುವುದಿಲ್ಲ. ಒಂದು ಬೇಳೆ ಸಿಪ್ಪೆಯಿಂದ ಚಂಗನೆ ಹಾರಿ ದೊಡ್ಡಪ್ಪನ ಕನ್ನಡಕಕ್ಕೆ ಬಡಿದರೆ ಸಾಕು, ಮಾತು ತಾನಾಗೇ ಶುರುವಾಗುತ್ತದೆ.

ಒಂದು ಎಚ್ಚರಿಕೆ ಮಾತ್ರ. ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು ಶಾಲೆಗೆ ಹೊಂದಿಕೊಳ್ಳುವ ಮೊದಲ ತಿಂಗಳು ಕಳೆದ ಮೇಲೂ ಅಲ್ಲಿ ಒಂದು ಮಾತೂ ಆಡುತ್ತಿಲ್ಲ, ಬಾತ್‌ರೂಮಿಗೆ ಹೋಗಬೇಕು ಅಂತಲೂ ಹೇಳುತ್ತಿಲ್ಲ ಅಂದರೆ ಅದು ಬರೀ ನಾಚಿಕೆ ಅಲ್ಲದಿರಬಹುದು. ಅದಕ್ಕೆ ಸೆಲೆಕ್ಟಿವ್ ಮ್ಯೂಟಿಸಂ ಅನ್ನುತ್ತಾರೆ, ಬೇಗ ತೋರಿಸಿದರೆ ಒಳ್ಳೆಯದು. ಹೆಸರು ಹಿಡಿದು ಕರೆದರೂ ತಿರುಗದಿದ್ದರೆ, ಬಂದ ಮಾತು ಹೋಗುತ್ತಿದ್ದರೆ ಆಗಲೂ ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗ ಇದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಪ್ರಶ್ನೆ: ತೋಳಗಳ ಜೊತೆ ಬೆಳೆದ ಕಮಲಾ ಮತ್ತು ಅಮಲಾ ಎಂಬ ಹುಡುಗಿಯರ ಬಗ್ಗೆ ಓದಿದ್ದೇನೆ. ನಿಜವಾ? ಮನುಷ್ಯರ ಸಹವಾಸ ಇಲ್ಲದಿದ್ದರೆ ಮಗು ಮನುಷ್ಯನಾಗುವುದೇ ಇಲ್ಲವಾ?
(ಸಮಾಜಶಾಸ್ತ್ರ ವಿದ್ಯಾರ್ಥಿನಿ, ಹುಬ್ಬಳ್ಳಿ)

ಉತ್ತರ: ಆ ಕಥೆಯನ್ನು ಪರೀಕ್ಷೆಯಲ್ಲಿ ಬರೆಯುವಾಗಲೂ ಸ್ವಲ್ಪ ಅನುಮಾನ ಇಟ್ಟುಕೊಂಡು ಬರಿಯಮ್ಮ. 1920ರಲ್ಲಿ ಬಂಗಾಳದ ಮಿಡ್ನಾಪುರದ ಹತ್ತಿರ ಸಿಕ್ಕರು ಅನ್ನುತ್ತಾರೆ. ಆದರೆ ತೋಳದ ಗುಹೆಯಿಂದ ತಂದಿದ್ದು ಅನ್ನುವುದಕ್ಕೆ ಅವರನ್ನು ಸಾಕಿದ ಪಾದ್ರಿ ಸಿಂಗ್ ಅವರ ಬರಹ ಬಿಟ್ಟರೆ ಗಟ್ಟಿ ಆಧಾರ ಇಲ್ಲ, ಅದನ್ನು ಆಮೇಲೆ ಬಹಳ ಜನ ಪ್ರಶ್ನೆ ಮಾಡಿದ್ದಾರೆ. ಬೆಳವಣಿಗೆಯ ತೊಂದರೆ ಇದ್ದ, ಯಾರೋ ಬಿಟ್ಟುಹೋದ ಮಕ್ಕಳಿರಬಹುದು ಅನ್ನುವವರೂ ಇದ್ದಾರೆ.

ನಿನ್ನ ಎರಡನೇ ಪ್ರಶ್ನೆಗೆ ಇದಕ್ಕಿಂತ ನಂಬಬಹುದಾದ ಉತ್ತರ ರುಮೇನಿಯಾದಿಂದ ಸಿಗುತ್ತದೆ, ಮತ್ತು ಅದು ಓದಲು ಕಷ್ಟವಾಗುವ ವಿಷಯ. ಅಲ್ಲಿ ಸರ್ವಾಧಿಕಾರಿ ಚೌಶೆಸ್ಕು ಆಡಳಿತ 1989ರಲ್ಲಿ ಬಿದ್ದಾಗ ಸರ್ಕಾರಿ ಅನಾಥಾಲಯಗಳು ಮಕ್ಕಳಿಂದ ತುಂಬಿಹೋಗಿದ್ದವು. ಹೊಟ್ಟೆಗೆ ಏನೋ ಸಿಗುತ್ತಿತ್ತು, ಆದರೆ ಎತ್ತಿಕೊಳ್ಳುವವರು, ಅತ್ತಾಗ ಬರುವವರು, ‘ಊಂ’ ಅಂದಾಗ ತಿರುಗಿ ‘ಊಂ’ ಅನ್ನುವವರು ಇರಲಿಲ್ಲ. ಹೊಸ ಸಹಸ್ರಮಾನದ ಶುರುವಿನಲ್ಲಿ ರಾಜಧಾನಿ ಬುಕಾರೆಸ್ಟ್‌ನಲ್ಲಿ ಇಂಥ 136 ಮಕ್ಕಳನ್ನು ತಗೊಂಡು, ಚೀಟಿ ಎತ್ತಿದ ಹಾಗೆ ಅರ್ಧ ಮಕ್ಕಳನ್ನು ಸಾಕುಮನೆಗಳಿಗೆ ಕಳಿಸಿ, ಎಲ್ಲರನ್ನೂ ವರ್ಷಗಟ್ಟಲೆ ಗಮನಿಸಿದರು. ಮನೆಗಳಿಗೆ ಹೋದ ಮಕ್ಕಳು ಮಾತಿನಲ್ಲಿ, ಬುದ್ಧಿಯಲ್ಲಿ, ಒಬ್ಬರನ್ನು ಹಚ್ಚಿಕೊಳ್ಳುವುದರಲ್ಲಿ ಚೇತರಿಸಿಕೊಂಡವು. ಸುಮಾರು ಎರಡು ವರ್ಷ ತುಂಬುವ ಮೊದಲೇ ಹೋದವು ಜಾಸ್ತಿ ಚೇತರಿಸಿಕೊಂಡವು. ಉಳಿದವು ಹಿಂದೆ ಬಿದ್ದವು. ಮನುಷ್ಯನಾಗುವುದೇ ಇಲ್ಲ ಅನ್ನುವ ಮಾತು ತಪ್ಪು. ತಡವಾಗಿ ಸಿಕ್ಕ ಪ್ರೀತಿಯೂ ಕೆಲಸ ಮಾಡುತ್ತದೆ, ಆದರೆ ಮೊದಲೇ ಸಿಕ್ಕಷ್ಟು ಮಾಡುವುದಿಲ್ಲ.

ಪ್ರಶ್ನೆ: ಬೇಸಿಗೆ ರಜೆಗೆ ಮೊಮ್ಮಕ್ಕಳೆಲ್ಲ ಬಂದಿದ್ದಾರೆ, ನಾಲ್ಕು ವರ್ಷದವಳಿಂದ ಹನ್ನೊಂದರವನವರೆಗೆ ಆರು ಜನ. ಅಂಗಳದಲ್ಲಿ ಲಗೋರಿ ಆಡುತ್ತಾರೆ. ಆಟಕ್ಕಿಂತ ಜಗಳವೇ ಜಾಸ್ತಿ. ಏಳು ವರ್ಷದವನಂತೂ ಸೋಲುವ ಹಾಗಾದರೆ ನಿಯಮವನ್ನೇ ಬದಲಿಸುತ್ತಾನೆ. ನಾನು ಹೋಗಿ ತೀರ್ಪು ಕೊಟ್ಟು ಕೊಟ್ಟು ಸಾಕಾಗಿದೆ. ಇದಕ್ಕಿಂತ ಸಮ್ಮರ್ ಕ್ಯಾಂಪ್ ವಾಸಿ ಅಂತಾನೆ ಮಗ.
(ಒಬ್ಬ ಅಜ್ಜಿ, ಸಾಗರ)

ಉತ್ತರ: ಅಮ್ಮಾ, ನಿಮ್ಮ ಅಂಗಳದಲ್ಲಿ ನಡೆಯುತ್ತಿರುವುದು ಯಾವ ಕ್ಯಾಂಪಿನಲ್ಲೂ ದುಡ್ಡು ಕೊಟ್ಟರೆ ಸಿಗುವುದಿಲ್ಲ. ನೀವು ಜಗಲಿಯಲ್ಲೇ ಕೂತಿರಿ, ತೀರ್ಪು ಕೊಡಬೇಡಿ.

ಲಗೋರಿಯಲ್ಲಿ ಏನಾಗುತ್ತದೆ ನೋಡಿ. ಏಳು ಕಲ್ಲಿನ ಗೋಪುರ ಬಿತ್ತು. ಬೀಳಿಸಿದವರು ಚೆಂಡು ತಾಗದ ಹಾಗೆ ತಪ್ಪಿಸಿಕೊಂಡು ಮತ್ತೆ ಜೋಡಿಸಬೇಕು. ಒಬ್ಬ ಕಲ್ಲಿಡಲು ಬಗ್ಗಿದಾಗ ಇನ್ನೊಬ್ಬಳು ಬೇಕಂತಲೇ ಆ ಕಡೆ ಓಡಿ ಚೆಂಡಿನವನನ್ನು ಎಳೆದುಕೊಂಡು ಹೋಗಬೇಕು. ಚೆಂಡಿನವನು ಈಗ ಏನು ಯೋಚಿಸುತ್ತಿದ್ದಾನೆ, ನಮ್ಮವಳು ಎಲ್ಲಿದ್ದಾಳೆ, ಅವಳು ನನ್ನಿಂದ ಏನು ನಿರೀಕ್ಷಿಸುತ್ತಿದ್ದಾಳೆ, ಇಷ್ಟೆಲ್ಲ ಒಂದೇ ಸಲಕ್ಕೆ ತಲೆಯಲ್ಲಿ ಇರಬೇಕು. ಷಿಕಾಗೋದಲ್ಲಿ ಪಾಠ ಮಾಡುತ್ತಿದ್ದ ಜಾರ್ಜ್ ಹರ್ಬರ್ಟ್ ಮೀಡ್ ಇದನ್ನೇ ಬೇಸ್‌ಬಾಲ್ ಉದಾಹರಣೆ ಕೊಟ್ಟು ವಿವರಿಸುತ್ತಿದ್ದರು. ಅವರು 1931ರಲ್ಲಿ ತೀರಿಕೊಂಡರು, ವಿದ್ಯಾರ್ಥಿಗಳ ಟಿಪ್ಪಣಿಗಳಿಂದ 1934ರಲ್ಲಿ ಆ ಪಾಠಗಳು ಪುಸ್ತಕವಾದವು. ಚಿಕ್ಕ ಮಕ್ಕಳು ಅಪ್ಪ-ಅಮ್ಮ ಆಟ, ಟೀಚರ್ ಆಟ ಆಡುವಾಗ ಒಂದು ಸಲಕ್ಕೆ ಒಬ್ಬರಾಗುತ್ತಾರೆ. ತಂಡದ ಆಟದಲ್ಲಿ ಎಲ್ಲರ ಜಾಗದಲ್ಲೂ ನಿಂತು ನೋಡಬೇಕಾಗುತ್ತದೆ. ಮುಂದೆ ‘ನಾಲ್ಕು ಜನ ಏನಂತಾರೆ’ ಅಂತ ನಾವೆಲ್ಲ ಒಳಗೇ ಹೊತ್ತು ತಿರುಗುವ ಆ ನಾಲ್ಕು ಜನ ಇಲ್ಲಿಂದಲೇ ಒಳಗೆ ಬರುತ್ತಾರೆ.

ನಿಯಮ ಬದಲಿಸುವ ಮೊಮ್ಮಗನ ಬಗ್ಗೆ ಬೇಜಾರು ಬೇಡ. ಸ್ವಿಟ್ಜರ್ಲೆಂಡಿನಲ್ಲಿ ಜಾನ್ ಪಿಯಾಜೆ ಎಂಬ ವಿಜ್ಞಾನಿ ಗೋಲಿ ಆಡುವ ಮಕ್ಕಳ ಜೊತೆ ನೆಲದ ಮೇಲೆ ಕೂತು ‘ನನಗೆ ಆಡಲು ಬರಲ್ಲ, ಹೇಳಿಕೊಡಿ’ ಅಂತ ಕೇಳಿಕೊಂಡು ಅಧ್ಯಯನ ಮಾಡಿ 1932ರಲ್ಲಿ ಅದನ್ನು ಪ್ರಕಟಿಸಿದರು. ಐದಾರು ವರ್ಷದವರನ್ನು ಈ ನಿಯಮ ಬದಲಿಸಬಹುದಾ ಅಂತ ಕೇಳಿದರೆ, ಆಗುವುದೇ ಇಲ್ಲ, ದೊಡ್ಡವರು ಮಾಡಿದ್ದು, ದೇವರು ಮಾಡಿದ್ದು ಅಂತ ಹೇಳುತ್ತಿದ್ದರು. ಆಡುವಾಗ ಮಾತ್ರ ಮನಸ್ಸಿಗೆ ಬಂದ ಹಾಗೆ ಆಡುತ್ತಿದ್ದರು. ಹತ್ತು ಹನ್ನೆರಡು ವರ್ಷದವರು ಎಲ್ಲರೂ ಒಪ್ಪಿದರೆ ಬದಲಿಸಬಹುದು ಅನ್ನುತ್ತಿದ್ದರು, ಆದರೆ ಒಪ್ಪಿದ ಮೇಲೆ ಚಾಚೂ ತಪ್ಪದೆ ಪಾಲಿಸುತ್ತಿದ್ದರು. ನಿಮ್ಮ ಏಳು ವರ್ಷದವನು ಈ ಎರಡರ ನಡುವೆ ಇದ್ದಾನೆ. ‘ಬಟ್ಟೆಗೆ ತಾಗಿದ್ದು ಲೆಕ್ಕಕ್ಕಿಲ್ಲ’ ಅಂತ ಅವನು ಕೂಗುತ್ತಾನೆ, ಹನ್ನೊಂದರವನು ‘ಹಾಗಾದರೆ ನಿನ್ನೆ ನನ್ನ ಅಂಗಿಗೆ ತಾಗಿದಾಗ ಯಾಕೆ ಔಟ್ ಅಂದೆ’ ಅಂತ ಕೇಳುತ್ತಾನೆ. ಅದಕ್ಕೆ ಅವನ ಹತ್ತಿರ ಉತ್ತರ ಇಲ್ಲ. ಉತ್ತರ ಇಲ್ಲದೆ ಎರಡು ನಿಮಿಷ ಮುಖ ಊದಿಸಿಕೊಂಡು ನಿಂತು, ಆಟ ಬೇಕು ಅನ್ನಿಸಿ ವಾಪಸ್ ಬರುತ್ತಾನಲ್ಲ, ನ್ಯಾಯ ಅಂದರೇನು ಅಂತ ಆಗ ಅವನಿಗೆ ತಿಳಿಯುತ್ತದೆ. ನೀವು ಮಧ್ಯೆ ಹೋಗಿ ‘ಔಟ್’ ಅಂದಿದ್ದರೆ ಅಜ್ಜಿ ಮೋಸ ಮಾಡಿದಳು ಅನ್ನುವುದಷ್ಟೇ ಉಳಿಯುತ್ತಿತ್ತು.

ನಾಲ್ಕು ವರ್ಷದವಳನ್ನು ಏನು ಮಾಡುತ್ತಾರೆ ಅಂತಲೂ ನೋಡಿ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಸೇರಿಸಿಕೊಂಡಿರುತ್ತಾರೆ. ಅವಳೂ ಓಡುತ್ತಾಳೆ, ಚೆಂಡು ಎತ್ತಿ ತಂದುಕೊಡುತ್ತಾಳೆ, ತಾಗಿದರೂ ಔಟ್ ಇಲ್ಲ. ಇದು ನಮ್ಮ ಮಕ್ಕಳು ಯಾರೂ ಹೇಳಿಕೊಡದೆ ನಡೆಸಿಕೊಂಡು ಬಂದ ಅದ್ಭುತ ವ್ಯವಸ್ಥೆ. ಸೋಲಿನ ಭಾರ ಇಲ್ಲದೆ ಒಳಗಿದ್ದು ಕಲಿಯಲು ಅವಳಿಗೆ ಒಂದೆರಡು ವರ್ಷ ಸಿಗುತ್ತದೆ. ಒಂದು ದಿನ ‘ನನ್ನನ್ನೂ ಲೆಕ್ಕಕ್ಕೆ ತಗೊಳ್ಳಿ’ ಅಂತ ಅವಳೇ ಜಗಳ ತೆಗೆಯುತ್ತಾಳೆ. ಒಂದೇ ವಯಸ್ಸಿನ ಮೂವತ್ತು ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸುವ ಕಡೆ ಇದು ನಡೆಯುವುದಿಲ್ಲ.

ನೀವು ಎದ್ದು ಹೋಗಬೇಕಾದ ಸಂದರ್ಭ ಎರಡೇ. ಕೈಗೆ ಕಲ್ಲು ಬಂದಾಗ, ಮತ್ತು ದಿನವೂ ಒಂದೇ ಮಗು ಅಳುತ್ತಾ ಒಳಗೆ ಬಂದಾಗ. ಎರಡನೆಯದು ಜಗಳ ಅಲ್ಲ, ಕಾಟ ಕೊಡುವುದು. ಅದನ್ನು ಮಕ್ಕಳಿಗೇ ಬಿಡಬಾರದು.

ಪ್ರಶ್ನೆ: ನಾನು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ ನೋಡಿಕೊಳ್ಳುತ್ತೇನೆ. ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದ ಹುಡುಗಿ ಮಧ್ಯದಲ್ಲಿ ವಾಪಸ್ ಬಂದಿದ್ದಾಳೆ. ಓದಿನಲ್ಲಿ ಹಿಂದೆ ಇದ್ದಾಳೆ. ಬೇರೆ ಮಕ್ಕಳು ಅವಳ ಪಕ್ಕ ಕೂರುವುದಿಲ್ಲ. ‘ಎಲ್ಲರೂ ಒಂದೇ’ ಅಂತ ಎಷ್ಟು ಹೇಳಿದರೂ ಪ್ರಯೋಜನ ಆಗಿಲ್ಲ.
(ಒಬ್ಬ ಶಿಕ್ಷಕರು, ರಾಯಚೂರು ಜಿಲ್ಲೆ)

ಉತ್ತರ: ಮೇಷ್ಟ್ರೇ, ಹೇಳುವುದನ್ನು ಬಿಟ್ಟು ಅವಳಿಲ್ಲದೆ ಕೆಲಸ ಮುಗಿಯದ ಹಾಗೆ ಮಾಡಿ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಕರಿಯ ಮತ್ತು ಬಿಳಿಯ ಮಕ್ಕಳನ್ನು ಮೊದಲ ಸಲ ಒಂದೇ ತರಗತಿಯಲ್ಲಿ ಕೂರಿಸಿದಾಗ ಜಗಳ ಶುರುವಾಯಿತು. ಎಲಿಯಟ್ ಆರನ್ಸನ್ ಎಂಬ ಪ್ರಾಧ್ಯಾಪಕರು ಪಾಠವನ್ನು ತುಂಡು ಮಾಡಿ ಗುಂಪಿನ ಒಬ್ಬೊಬ್ಬ ಮಗುವಿಗೆ ಒಂದೊಂದು ತುಂಡು ಕೊಟ್ಟರು. ಪೂರ್ತಿ ಪಾಠ ಬೇಕಾದರೆ ಪ್ರತಿಯೊಬ್ಬರ ಮಾತನ್ನೂ ಕಿವಿಗೊಟ್ಟು ಕೇಳಲೇಬೇಕು. ನಿಮ್ಮಲ್ಲೂ ಇದು ಸುಲಭ. ನಿಮ್ಮ ಜಿಲ್ಲೆಯ ಪಾಠವನ್ನೇ ತಗೊಳ್ಳಿ. ಒಬ್ಬರಿಗೆ ಕೃಷ್ಣಾ ನದಿ, ಒಬ್ಬರಿಗೆ ತುಂಗಭದ್ರಾ, ಒಬ್ಬರಿಗೆ ಕಾಲುವೆ, ಇವಳಿಗೆ ಭತ್ತ. ಒಂದು ದಿನ ಮೊದಲೇ ಅವಳ ಭಾಗವನ್ನು ನೀವು ಪಕ್ಕ ಕೂತು ಓದಿಸಿ ಗಟ್ಟಿ ಮಾಡಿಸಿ. ಆಮೇಲೆ ಪ್ರಶ್ನೆ ಕೇಳುವಾಗ ಇಡೀ ಗುಂಪನ್ನು ಕೇಳಿ. ಒಂದೇ ವಾರಕ್ಕೆ ಬದಲಾಗುವುದಿಲ್ಲ, ಬಿಡದೆ ಮಾಡಿ. ಬೆಂಗಳೂರಿನ ಶೆಡ್ಡಿನಲ್ಲಿ ಹೇಗಿದ್ದೆ ಅಂತ ಎಲ್ಲರ ಮುಂದೆ ಮಾತ್ರ ಕೇಳಬೇಡಿ. ಅವಳಾಗಿ ಹೇಳಿದರೆ ಬೇರೆ ಮಾತು.

ಪಕ್ಕ ಕೂರದಿರುವುದಕ್ಕೆ ಕಾರಣ ಜಾತಿಯಾಗಿದ್ದರೆ ಪಾಠದ ಆಟದಿಂದ ಅದು ಹೋಗುವುದಿಲ್ಲ. ಮಕ್ಕಳು ಅದನ್ನು ಮನೆಯಿಂದ ತಂದಿರುತ್ತಾರೆ. ಬಿಸಿಯೂಟದ ಸಾಲನ್ನು ನೀವೇ ಕೂರಿಸಿ, ನೀವೂ ಅವಳ ಪಕ್ಕ ಕೂತು ಊಟ ಮಾಡಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಹೆಸರು ಹೇಳದೆ ವಿಷಯ ಎತ್ತಿ. ಶಾಲಾ ಸಂಸತ್ತಿನಲ್ಲಿ ಅವಳಿಗೆ ನಿಜವಾದ ಕೆಲಸ ಇರುವ ಖಾತೆ ಕೊಡಿ, ನೀರಿನದ್ದೋ ತೋಟದ್ದೋ. ನಿಮ್ಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುವಾಗ ಬರೀ ಭಾಷಣ ಬರುವ ಮಕ್ಕಳನ್ನೇ ಕರೆದುಕೊಂಡು ಹೋಗಬೇಡಿ. ಗುಳೆ ಹೋದಾಗ ಮಕ್ಕಳ ಓದು ಏನಾಗುತ್ತದೆ ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮುಂದೆ ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ಅವಳಿಗಿದೆ. ಕೇಳುವ ಮನಸ್ಸಿದೆಯಾ ಅಂತ ಅವಳನ್ನೇ ವಿಚಾರಿಸಿ, ಇದೆ ಅಂದರೆ ಪ್ರಶ್ನೆಯನ್ನು ಅವಳ ಕೈಯಲ್ಲೇ ಬರೆಸಿ, ಜೊತೆಗೆ ಹೋಗಲು ತರಗತಿಯಿಂದ ಇಬ್ಬರನ್ನು ಅವಳೇ ಆರಿಸಿಕೊಳ್ಳಲಿ.